ಅವ್ವನಿಗೆ ಯಾವ ಆಪರೇಷನ್?



ಆರೋಗ್ಯದ ಬಗ್ಗೆ ಮಾತಾಡಿ ಎಂದಾಗ, ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆಮೇಲೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬಹುದು ಅನಿಸಿತು. ಅವ್ವನ ಒಪ್ಪಿಗೆಯೂ ಇದೆ. "ತೂಕ ಎಷ್ಟಿತ್ತಂತನೂ ಹೇಳು, ಮುಚ್ಚಿಡೂದೇನೈತಿ" ಅಂದಿದ್ದಾಳೆ.

ಅವ್ವ ಧಾರವಾಡದವಳು. ಆಗ ವಯಸ್ಸು 54, ಎತ್ತರ 152 ಸೆಂಟಿಮೀಟರ್, ತೂಕ 128 ಕಿಲೊ. ಬಿಎಂಐ 55. ಬಿಪಿ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎಲ್ಲ ಇದ್ದವು. ಒಮ್ಮೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಒಮ್ಮೆಲೇ ಎಳೆದುಕೊಳ್ಳುತ್ತಿದ್ದಳು. ನೆಂಟರೆಲ್ಲ "ಬಾಯಿ ಕಟ್ಟಿದರೆ ಆತು" ಅನ್ನುವವರೇ. ಇಪ್ಪತ್ತು ವರ್ಷ ಬಾಯಿ ಕಟ್ಟಿ ನೋಡಿದವಳಿಗೆ ಹೇಳುವ ಮಾತೇ ಅದು?

ಮೊದಲು ಹೋದ ಕಡೆ ಹತ್ತು ನಿಮಿಷದಲ್ಲಿ ಪ್ಯಾಕೇಜ್ ದರ ಹೇಳಿ, ಮುಂದಿನ ವಾರವೇ ಬನ್ನಿ ಎಂದರು. ನನಗೆ ಸಮಾಧಾನವಾಗಲಿಲ್ಲ. ಎಂಟೆಕ್ ಓದಿದವಳ ಬುದ್ಧಿ, ಮನೆಗೆ ಬಂದು ಎಕ್ಸೆಲ್ ಶೀಟ್ ಮಾಡಿದೆ. ಒಂದು ಕಡೆ ಸ್ಲೀವ್, ಅಂದರೆ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಕೊಳವೆಯಂತೆ ಮಾಡುವುದು. ಇನ್ನೊಂದು ಕಡೆ ಗ್ಯಾಸ್ಟ್ರಿಕ್ ಬೈಪಾಸ್, ಜಠರವನ್ನು ಸಣ್ಣ ಚೀಲ ಮಾಡಿ ಕರುಳನ್ನು ಅದಕ್ಕೆ ಜೋಡಿಸುವುದು. ತೂಕ ಇಳಿಯುವುದು, ಸಕ್ಕರೆ ಹತೋಟಿ, ಎದೆಯುರಿ ಎಲ್ಲಕ್ಕೂ ಅಂಕ ಕೊಟ್ಟೆ. ಬೈಪಾಸ್ ಗೆದ್ದಿತು.

ಎರಡನೆಯ ಸರ್ಜನ್ ಶೀಟನ್ನು ಪೂರ್ತಿ ಓದಿ, "ಚೆನ್ನಾಗಿದೆ. ಆದರೆ ಇದು ಯಾವುದರಿಂದ ಹೆಚ್ಚು ಲಾಭ ಎಂಬ ಪಟ್ಟಿ. ಇವರು ಯಾವುದನ್ನು ತಡೆದುಕೊಳ್ಳುತ್ತಾರೆ ಎಂಬುದು ಇದರಲ್ಲಿಲ್ಲ" ಎಂದರು. ಆಮೇಲೆ ಅಮೆರಿಕದ ಎರಿಕ್ ಡಿಮಾರಿಯಾ ತಂಡ 2007ರಲ್ಲಿ ಪ್ರಕಟಿಸಿದ ಲೆಕ್ಕವೊಂದನ್ನು ತೋರಿಸಿದರು. ಬಿಎಂಐ 50 ಅಥವಾ ಮೇಲ್ಪಟ್ಟು, ಬಿಪಿ, ವಯಸ್ಸು 45 ಅಥವಾ ಹೆಚ್ಚು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗುವ ಅಪಾಯ, ಗಂಡಸಾಗಿರುವುದು, ಒಂದೊಂದಕ್ಕೆ ಒಂದು ಅಂಕ. ನಾಲ್ಕು-ಐದು ಬಂದರೆ ಅತಿ ಅಪಾಯದ ಗುಂಪು. ಅವ್ವನಿಗೆ ನಾಲ್ಕು. ಹೆಣ್ಣಾಗಿದ್ದಕ್ಕೆ ಐದನೆಯದು ಉಳಿಯಿತು. ಹೆಣ್ಣಾಗಿದ್ದಕ್ಕೆ ರಿಯಾಯಿತಿ ಸಿಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ!

ನಂತರ ಅವರು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. ಧಾರವಾಡದವರಿಗೆ ಮರಾಠಿ ಬರುತ್ತದಲ್ಲ, ಇಬ್ಬರೂ ನೇರವಾಗಿ ಮಾತಾಡಿದರು. ಮೊಣಕಾಲಿಗೆ ಏನು ತಗೊಳ್ಳುತ್ತೀರಿ ಎಂದು ಕೇಳಿದಾಗ ಅವ್ವ ಚೀಲದಿಂದ ನೋವಿನ ಗುಳಿಗೆಯ ಪಟ್ಟಿ ತೆಗೆದಳು. ದಿನಕ್ಕೆ ಎರಡು, ನಾಲ್ಕು ವರ್ಷದಿಂದ. ನನಗೆ ಗೊತ್ತೇ ಇರಲಿಲ್ಲ. ಬೈಪಾಸ್ ಆದವರು ಇಂಥ ಗುಳಿಗೆ ನುಂಗಿದರೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದಂತೆ. "ಇನ್ನು ಮುಟ್ಟಬೇಡಿ ಎನ್ನಬಹುದು. ಆದರೆ ಇಂಥ ಮೊಣಕಾಲು ಇಟ್ಟುಕೊಂಡು ಮುಟ್ಟದೆ ಇರುತ್ತಾರೆ ಎಂದು ನಂಬಿ ಬೈಪಾಸ್ ಮಾಡಲಾರೆ" ಎಂದರು.

ಆಪರೇಷನ್ ಯಾಕೆ ಬೇಕು ಎಂದೂ ಕೇಳಿದರು. ನಾವು ಮಕ್ಕಳು ಯಾರೂ ಕೇಳದ ಪ್ರಶ್ನೆ. ಮೊಣಕಾಲು ಬದಲಿಸುವ ಡಾಕ್ಟರು ತೂಕ ಇಳಿಸದೆ ಮುಟ್ಟುವುದಿಲ್ಲ ಎಂದು ಕಳಿಸಿದ್ದರಂತೆ. ಅವ್ವನಿಗೆ ಬೇಕಾಗಿದ್ದದ್ದು ಮೊಣಕಾಲು.

ಎಂಡೋಸ್ಕೋಪಿ ಮಾಡಿಸಿದೆವು. ತೀವ್ರ ಆಮ್ಲದ ತೊಂದರೆಯಾಗಲಿ ಹರ್ನಿಯಾ ಆಗಲಿ ಕಾಣಲಿಲ್ಲ. ಇದ್ದಿದ್ದರೆ ಸ್ಲೀವ್ ಸರಿಹೋಗುತ್ತಿರಲಿಲ್ಲ. ಕೊನೆಗೆ ಲ್ಯಾಪರೋಸ್ಕೋಪಿಯಲ್ಲಿ ಸ್ಲೀವ್ ಮಾತ್ರ, ತೂಕ ಇಳಿದ ಮೇಲೆ ಬೇಕಾದರೆ ಎರಡನೆಯ ಹಂತ ಎಂದಾಯಿತು. ಈ ದಾರಿ ಹೊಸದಲ್ಲ. 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನಲ್ಲಿ ಮೈಕೆಲ್ ಗ್ಯಾಗ್ನರ್ ಮತ್ತು ಸಂಗಡಿಗರು ಅತಿ ಭಾರದ ರೋಗಿಗಳಿಗೆ ದೊಡ್ಡ ಆಪರೇಷನ್ನನ್ನು ಎರಡು ಹಂತ ಮಾಡಿದರು. ಮೊದಲ ಹಂತವೇ ಸ್ಲೀವ್. ಅಷ್ಟರಲ್ಲೇ ಅನೇಕರ ತೂಕ ಸಾಕಷ್ಟು ಇಳಿದು ಎರಡನೆಯದು ಬೇಕಾಗಲಿಲ್ಲ. ಹಾಗಾಗಿ ಸ್ಲೀವ್ ಮುಂದೆ ತಾನೇ ಒಂದು ಪ್ರತ್ಯೇಕ ಆಪರೇಷನ್ ಆಯಿತು.

ನಾನು ಅವಸರ ಮಾಡಿದರೂ ಅವರು ಎರಡು ತಿಂಗಳು ದಿನಾಂಕ ಕೊಡಲಿಲ್ಲ. ರಾತ್ರಿ ಮಲಗುವಾಗ ಸಿಪ್ಯಾಪ್ ಯಂತ್ರ. ಮೂಗಿಗೆ ಮುಖವಾಡ ಹಾಕಿಕೊಂಡು ಅವ್ವ "ವಿಮಾನ ಓಡಸ್ಲಿಕ್ಕೆ ಹೊಂಟೀನಿ" ಅನ್ನುತ್ತಿದ್ದಳು. ಉಸಿರಾಟದ ವ್ಯಾಯಾಮ, ಸಕ್ಕರೆ ಹತೋಟಿ, ದಿನಾ ಸ್ವಲ್ಪ ನಡಿಗೆ. ಕೊನೆಯ ಮೂರು ವಾರ ಬರೀ ಕಡಿಮೆ ಕ್ಯಾಲರಿಯ, ಪ್ರೋಟೀನ್ ಹೆಚ್ಚಿರುವ ಆಹಾರ. ಕೊಬ್ಬು ತುಂಬಿ ಊದಿದ ಲಿವರ್ ಜಠರದ ಮೇಲೆ ಕವಿದಿರುತ್ತದೆ, ಅದು ಕುಗ್ಗಿದರೆ ಸರ್ಜನ್ನರಿಗೆ ಜಾಗ ಸಿಗುತ್ತದೆ. ರೊಟ್ಟಿ ಇಲ್ಲದ ಆ ಮೂರು ವಾರ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ.

ಆಪರೇಷನ್ ದಿನ ಅನಸ್ತೇಷಿಯಾ ಡಾಕ್ಟರ್ ಹೊರಬಂದು "ಉಸಿರಾಟ ಸರಿಯಾಗಿದೆ" ಎನ್ನುವವರೆಗೆ ನಾನು ನೀರು ಕುಡಿದಿರಲಿಲ್ಲ. ಸಂಜೆಯೇ ಅವ್ವನನ್ನು ಎಬ್ಬಿಸಿ ನಡೆಸಿದರು. ಮತ್ತೆ ಹೆಪ್ಪುಗಟ್ಟದಂತೆ ಮನೆಗೆ ಬಂದ ಮೇಲೂ ಕೆಲವು ವಾರ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟೆ. ಕೈ ನಡುಗುತ್ತಿದ್ದದ್ದು ನನ್ನದು, ಅವಳದಲ್ಲ.

ಈಗ ಹನ್ನೊಂದು ತಿಂಗಳು. ತೂಕ 91. ಎದೆಯುರಿ ಸ್ವಲ್ಪ ಶುರುವಾಗಿದೆ, ಅದಕ್ಕೆ ಗುಳಿಗೆ ಇದೆ. ವಿಟಮಿನ್ ಗುಳಿಗೆ ಜೀವನಪೂರ್ತಿ. ಸಿಪ್ಯಾಪ್ ಇನ್ನೂ ಬಿಟ್ಟಿಲ್ಲ. ಎರಡನೆಯ ಹಂತದ ಮಾತು ಬರುವ ವರ್ಷ ಎಂದಿದ್ದಾರೆ ಸರ್ಜನ್. ನಾನು ಆಗಲೇ ಹೊಸ ಶೀಟ್ ತೆರೆದಿದ್ದೆ. ಅವ್ವ ಲ್ಯಾಪ್‌ಟಾಪ್ ಮುಚ್ಚಿ, "ಅದು ಆಮ್ಯಾಲ ನೋಡೂಣು. ಮೊದಲ ಮೊಣಕಾಲಿನ ಡಾಕ್ಟರ್‌ಗೆ ಫೋನ್ ಹಚ್ಚು" ಅಂದಳು.