ಮಾತ್ರೆ ಎಣಿಸುವ ವಿದ್ಯೆ



ನಮ್ಮ ಬಾಲ್ಯದಲ್ಲಿ ಔಷಧವೆಂದರೆ ಬಣ್ಣದ ನೀರು ತುಂಬಿದ ಸೀಸೆ. ಆಸ್ಪತ್ರೆಯ ಕಾಂಪೌಂಡರು ಕಾಗದದ ಪಟ್ಟಿಯೊಂದನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಯ ಪಕ್ಕಕ್ಕೆ ಅಂಟಿಸಿಕೊಡುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಅಕ್ಷರ ಬಾರದ ತಾಯಿಯೂ ಆ ಪಟ್ಟಿಯನ್ನು ಓದಬಲ್ಲವಳಾಗಿದ್ದಳು. ಇಂದು ಮದ್ದು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತದೆ. ಆದರೆ ಅಳತೆಯನ್ನು ರೋಗಿಗೆ ಮನಗಾಣಿಸುವ ಹೊಣೆ ಇಂದಿಗೂ ಮನುಷ್ಯನದೇ. ಆ ಹೊಣೆ ಹೊತ್ತವನೇ ಫಾರ್ಮಸಿಸ್ಟ್.

ಕನ್ನಡದ ಮೇಷ್ಟರಿಗೆ ಈ ಗೊಡವೆ ಏಕೆಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ. ಪದವಿಪೂರ್ವ ತರಗತಿಯಲ್ಲಿ ನನ್ನ ಶಿಷ್ಯನೊಬ್ಬ ಕನ್ನಡದಲ್ಲಿ ಬಲು ಜಾಣ. ಅವನು ಎಂ.ಎ. ಓದಬೇಕೆಂಬುದು ನನ್ನ ಆಸೆ. ಅವನು ಫಾರ್ಮಸಿ ಡಿಪ್ಲೊಮಾಕ್ಕೆ ಸೇರಿದಾಗ, "ಮಾತ್ರೆ ಎಣಿಸಿಕೊಡುವುದಕ್ಕೂ ಓದು ಬೇಕೇನಯ್ಯಾ?" ಎಂದು ಹಂಗಿಸಿದ್ದೆ.

ವರ್ಷಗಳು ಕಳೆದವು. ನನ್ನ ಪತ್ನಿಯ ಕೀಲುವಾತಕ್ಕೆ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಬರೆದುಕೊಟ್ಟರು. ಅಂಗಡಿಯೊಂದರ ಹುಡುಗ ಅದನ್ನು ಕೊಟ್ಟು, ಲಕೋಟೆಯ ಮೇಲೆ "ದಿನಕ್ಕೊಂದು" ಎಂದು ಬರೆದ. ಜೊತೆಗೆ ಬರೆದಿದ್ದ ಫೋಲಿಕ್ ಆಮ್ಲದ ಮಾತ್ರೆ ಅಲ್ಲಿರಲಿಲ್ಲ. ಅದನ್ನು ಕೊಳ್ಳಲು ಶಿಷ್ಯನ ಅಂಗಡಿಗೆ ಹೋದೆ. ಚೀಟಿಯನ್ನೂ ಲಕೋಟೆಯನ್ನೂ ನೋಡಿದ ಅವನ ಮುಖ ಬಿಳಿಚಿಕೊಂಡಿತು.

"ಸಾರ್, ಅಮ್ಮನವರು ಇದನ್ನು ತೆಗೆದುಕೊಂಡಾಯಿತೇ?"

"ಇಲ್ಲಪ್ಪ, ಇನ್ನು ಮೇಲೆ."

"ಇದು ವಾರಕ್ಕೊಮ್ಮೆ ಮಾತ್ರ ನುಂಗಬೇಕಾದದ್ದು, ಸಾರ್."

ಅಷ್ಟಕ್ಕೇ ಬಿಡದೆ ವೈದ್ಯರಿಗೆ ದೂರವಾಣಿ ಮಾಡಿ ಖಚಿತಪಡಿಸಿಕೊಂಡ. ಆ ಔಷಧವನ್ನು ದಿನವೂ ನುಂಗಿದರೆ ರಕ್ತಕಣಗಳ ಉತ್ಪತ್ತಿಯೇ ಕುಗ್ಗಿ ಜೀವಕ್ಕೆ ಅಪಾಯ ಬರುತ್ತದೆಂದು ತಿಳಿದದ್ದು ಆಮೇಲೆ. ಛಂದಸ್ಸಿನಲ್ಲಿ ಮಾತ್ರೆ ತಪ್ಪಿದರೆ ಪದ್ಯ ಕೆಡುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಮಾತ್ರೆ ತಪ್ಪಿದರೆ ಪ್ರಾಣವೇ ಹೋಗಬಹುದೆಂಬ ಪಾಠವನ್ನು ಅಂದು ಶಿಷ್ಯನಿಂದ ಕಲಿತೆ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯದ ಮನ್ನಣೆ ದೊರೆತದ್ದು ತಡವಾಗಿ. 1932ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಇದರ ಬೋಧನೆಗೆ ನಾಂದಿ ಹಾಡಿದರು. 1948ರಲ್ಲಿ ಫಾರ್ಮಸಿ ಕಾಯಿದೆ ಬಂತು. ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರದೆಂದು ಅದು ವಿಧಿಸಿತು. ವಿಜ್ಞಾನದಲ್ಲಿ ಪಿ.ಯು.ಸಿ. ಮುಗಿಸಿದವರು 2 ವರ್ಷದ ಡಿಪ್ಲೊಮಾ ಓದಿ, ಅನಂತರ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು; ಔಷಧ ಕೊಡಲು ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು. ಬಿ.ಫಾರ್ಮ. ಪದವಿ 4 ವರ್ಷಗಳದು. 2008ರಲ್ಲಿ ಆರಂಭವಾದ ಫಾರ್ಮ್.ಡಿ. 6 ವರ್ಷಗಳದು, ಅದರ ಕೊನೆಯ ವರ್ಷವನ್ನು ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಕಳೆಯಬೇಕು. ಅಂಗಡಿಯಲ್ಲದೆ ಆಸ್ಪತ್ರೆ, ಔಷಧ ಕಾರ್ಖಾನೆ, ಪ್ರಯೋಗಾಲಯ, ಔಷಧ ನಿಯಂತ್ರಣ ಇಲಾಖೆಗಳಲ್ಲಿಯೂ ಇವರಿಗೆ ಕೆಲಸವುಂಟು.

ಆದರೆ ಒಂದು ಕೇಡನ್ನು ಹೇಳದೆ ಇರಲಾರೆ. ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತದೆ, ಅದರ ಒಡೆಯ ಬೇರೆಲ್ಲೋ ಇರುತ್ತಾನೆ. ಕಟ್ಟೆಯ ಹಿಂದೆ ನಿಂತು ಔಷಧ ಕೊಡುವವನು ಏನೂ ಓದದ ಹುಡುಗ. ಪ್ರಮಾಣಪತ್ರಕ್ಕೆ ತಿಂಗಳ ಬಾಡಿಗೆ ಸಲ್ಲುತ್ತದೆ. ನನ್ನ ಶಿಷ್ಯನಿಗೂ ಓದು ಮುಗಿದೊಡನೆ ಇಂಥ ಕರೆ ಬಂದಿತ್ತಂತೆ. ಮನೆಯಲ್ಲಿ ಕಷ್ಟವಿತ್ತು; ಆದರೂ ಒಲ್ಲೆನೆಂದ. "ಹೆಸರು ನನ್ನದು, ಕೈ ಇನ್ನೊಬ್ಬನದು ಆದರೆ ನಿದ್ದೆ ಹೇಗೆ ಬಂದೀತು, ಸಾರ್?" ಎಂದು ಅವನು ಕೇಳಿದಾಗ ಲಕೋಟೆ ಬರೆದ ಆ ಹುಡುಗ ನನ್ನ ಕಣ್ಣ ಮುಂದೆ ಬಂದ. ತಪ್ಪು ಅವನೊಬ್ಬನದೇ ಆಗಿರಲಿಲ್ಲ.

ಈ ವೃತ್ತಿಯನ್ನು ಹಿಡಿಯಬೇಕೆನ್ನುವ ತರುಣ ತರುಣಿಯರಿಗೆ ನನ್ನದೊಂದೇ ಮಾತು: ಪ್ರಮಾಣಪತ್ರ ಎಲ್ಲಿ ತೂಗುತ್ತದೆಯೋ ಅಲ್ಲಿ ನೀವೂ ನಿಂತಿರಿ. ಔಷಧ ಕೊಳ್ಳುವ ನಾವೂ ಕಟ್ಟೆಯ ಬಳಿ ನಿಂತು, "ಫಾರ್ಮಸಿಸ್ಟ್ ಎಲ್ಲಿದ್ದಾರೆ?" ಎಂದು ಕೇಳುವುದನ್ನು ಕಲಿಯೋಣ. ಅಂದು ಹಂಗಿಸಿದ್ದಕ್ಕೆ ಶಿಷ್ಯನ ಕ್ಷಮೆ ಕೇಳಿದೆ. ಅವನು ನಕ್ಕು, ಲಕೋಟೆಯ ಮೇಲಿನ ಬರಹವನ್ನು ಹೊಡೆದು, "ವಾರಕ್ಕೊಮ್ಮೆ, ಭಾನುವಾರ" ಎಂದು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟ. ಅವನ ಕನ್ನಡದ ಅಕ್ಷರ ಇಂದಿಗೂ ದುಂಡಾಗಿದೆ.