ಕೂಸಿನ ಕೈಗೆ ಫೋನು: ಎಷ್ಟು ಹೊತ್ತು?

(ಗಿರಣಿ ಕೆಲಸಗಾರರ ಬಡಾವಣೆಯಲ್ಲಿ ಭಾನುವಾರ ಸಂಜೆ ಸೇರಿದ್ದ ತಾಯಿತಂದೆಯರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ನೀವು ಕೂಲಿ, ಬೋನಸ್ಸು, ಪಾಳಿ, ಅಂಗಡಿ ಬಾಡಿಗೆ ಇವುಗಳ ಮಾತನ್ನು ಎಷ್ಟೋ ಸಲ ಕೇಳಿದ್ದೀರಿ. ಇಂದು ನಾನು ಎತ್ತಿಕೊಂಡ ವಿಷಯ ಕೆಲವರಿಗೆ ಹಗುರವಾಗಿ ಕಂಡೀತು. ಮನೆಯಲ್ಲಿರುವ ಎರಡು ಮೂರು ವರ್ಷದ ಕೂಸಿಗೆ ಮೊಬೈಲನ್ನೂ ಟೀವಿಯನ್ನೂ ದಿನಕ್ಕೆ ಎಷ್ಟು ಹೊತ್ತು ತೋರಿಸಬೇಕು ಎಂಬುದೇ ಆ ವಿಷಯ. "ಇದು ಹೆಂಗಸರು ಮನೆಯೊಳಗೆ ತೀರ್ಮಾನಿಸುವ ಸಂಗತಿ. ಸಭೆಗೆ ಏಕೆ ತಂದಿರಿ ಮೇಷ್ಟ್ರೇ?" ಎಂದು ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ನನ್ನ ಮಾತು ಮುಗಿದ ಮೇಲೆ ಅವರೇ ಉತ್ತರ ಹೇಳಲಿ.

ಮೊದಲು ನನ್ನ ಮನೆಯ ತಪ್ಪನ್ನು ಹೇಳಿಬಿಡುತ್ತೇನೆ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ಅದು ನ್ಯಾಯ.

ನಾನು ಕೆಲವು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವನು. ಆ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿದ ಮೇಲೆ ನನ್ನದು ಊರೂರು ತಿರುಗಾಟ. ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಮಗಳು ನಡೆಯಲು ಕಲಿತ ಮೇಲೆ ಯಂತ್ರದ ಹತ್ತಿರ ಬಂದು ಸೂಜಿಗೆ ಕೈ ಹಾಕತೊಡಗಿದಳು. ಒಂದು ದಿನ ನಾನೇ ಹಳೆಯ ಫೋನಿನಲ್ಲಿ ಕಾರ್ಟೂನು ಹಾಕಿ ಅವಳನ್ನು ಮೂಲೆಯಲ್ಲಿ ಕೂರಿಸಿದೆ. ಕೂಸು ಅಲುಗಾಡಲಿಲ್ಲ. ಆ ದಿನ ಎರಡು ರವಿಕೆ ಹೆಚ್ಚು ಹೊಲಿದಾಯಿತು. ನಮಗೆ ಬಲು ಸಂತೋಷವಾಯಿತು.

ಎರಡೂವರೆ ವರ್ಷವಾದರೂ ಅವಳ ಬಾಯಲ್ಲಿ ಹತ್ತು ಹನ್ನೆರಡು ಮಾತು ದಾಟಲಿಲ್ಲ. ಫೋನಿನಲ್ಲಿ ಕೇಳಿದ ಇಂಗ್ಲಿಷ್ ಹಾಡಿನ ರಾಗ ಗುನುಗುತ್ತಿದ್ದಳು, ಆದರೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಡಾಕ್ಟರ ಬಳಿ ಹೋದೆವು. ಅವರು ಮೊದಲು ಕಿವಿಯ ಪರೀಕ್ಷೆ ಮಾಡಿಸಿದರು. ಕಿವಿ ಸರಿಯಾಗಿತ್ತು. "ದಿನಕ್ಕೆ ಎಷ್ಟು ಹೊತ್ತು ಫೋನು ನೋಡುತ್ತಾಳೆ?" ಎಂದು ಕೇಳಿದರು. "ಅರ್ಧ ಮುಕ್ಕಾಲು ಗಂಟೆ" ಎಂದೆ ನಾನು. ಹೆಂಡತಿ ತಲೆ ತಗ್ಗಿಸಿ, "ಐದು ಗಂಟೆ ಆಗಬಹುದು ಡಾಕ್ಟ್ರೇ" ಎಂದಳು. ನಮ್ಮಿಬ್ಬರಲ್ಲಿ ಸುಳ್ಳು ಹೇಳಿದವನು ಮಕ್ಕಳಿಗೆ ನೀತಿಪಾಠ ಕಲಿಸಿದ ಮೇಷ್ಟ್ರು.

ಮನೆಗೆ ಬಂದು ಒಂದು ಚೀಟಿಯ ಮೇಲೆ ಲೆಕ್ಕ ಬರೆದೆ. ಅಂಗಡಿಯವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಆ ವಯಸ್ಸಿನ ಕೂಸು ಹಗಲು ರಾತ್ರಿ ಸೇರಿ ಸುಮಾರು 12 ಗಂಟೆ ನಿದ್ದೆ ಮಾಡುತ್ತದೆ. ಉಳಿದದ್ದು 12. ಸ್ನಾನ, ಊಟ, ಅಳು, ಹಟ ಇವಕ್ಕೆ 3 ಗಂಟೆ ಖರ್ಚು. ಉಳಿದ 9ರಲ್ಲಿ 5 ಗಂಟೆ ಫೋನಿನ ಖಾತೆಗೆ ಹೋಯಿತು. ಮನುಷ್ಯರೊಡನೆ ಆಡಿ ಮಾತು ಕಲಿಯಲು ಉಳಿದದ್ದು 4 ಗಂಟೆ. ಆ ಹೊತ್ತಿನಲ್ಲಿ ತಾಯಿ ಯಂತ್ರದ ಮೇಲೆ ಬಗ್ಗಿರುತ್ತಾಳೆ, ತಂದೆ ಯಾವುದೋ ಊರಿನಲ್ಲಿ ಭಾಷಣ ಮಾಡುತ್ತಿರುತ್ತಾನೆ. ಹಾಗಾದರೆ ಕೂಸಿನೊಡನೆ ಮಾತಾಡುವವರು ಯಾರು?

ಬಂಧುಗಳೇ, ಫೋನು ವಿಷವೆಂದು ನಾನು ಹೇಳುವುದಿಲ್ಲ. ಅದು ಕೂಸಿನ ಹೊತ್ತನ್ನು ತಿಂದುಹಾಕುತ್ತದೆ, ದೊಡ್ಡ ನಷ್ಟ ಅಲ್ಲಿದೆ. ಕೂಸು ಮಾತು ಕಲಿಯುವ ಬಗೆಯನ್ನು ನೋಡಿ. ಅದು ಬೆರಳು ತೋರಿಸಿ "ಆ" ಎನ್ನುತ್ತದೆ. ಅಜ್ಜಿ, "ಹೌದವ್ವ, ಕಾಗೆ. ಕಾಗೆ ರೊಟ್ಟಿ ಒಯ್ತು" ಎನ್ನುತ್ತಾಳೆ. ಕೂಸು ನಗುತ್ತದೆ, ಅಜ್ಜಿ ಮತ್ತೆ ಹೇಳುತ್ತಾಳೆ. ಒಂದು ಕಡೆಯಿಂದ ಚೆಂಡು ಬಂದರೆ ಇನ್ನೊಂದು ಕಡೆಯಿಂದ ಚೆಂಡು ಹೋಗಬೇಕು. ಫೋನಿನೊಳಗಿನ ಬೊಂಬೆ ಎಷ್ಟು ಚೆಂದ ಹಾಡಿದರೂ ಈ ಕೂಸು ಏನು ತೋರಿಸಿತು ಎಂದು ನೋಡುವುದಿಲ್ಲ, ಉತ್ತರಕ್ಕೆ ಕಾಯುವುದಿಲ್ಲ.

"ಆದರೆ ಫೋನು ನೋಡಿ ಇಂಗ್ಲಿಷ್ ಕಲಿಯುತ್ತದೆಯಲ್ಲ?" ಎಂದು ಬಹಳ ಜನ ಕೇಳುತ್ತಾರೆ. ಇದು ಬಡವರ ಆಸೆ. ಇದನ್ನು ನಾನು ಹಾಸ್ಯ ಮಾಡುವುದಿಲ್ಲ. ನಮಗೆ ಸಿಗದ ಇಂಗ್ಲಿಷು ಮಕ್ಕಳಿಗಾದರೂ ಸಿಗಲಿ ಎಂಬ ಆಸೆ ಯಾರಿಗಿಲ್ಲ? ಆದುದರಿಂದಲೇ ಒಂದು ಪರೀಕ್ಷೆಯ ವಿಷಯ ಹೇಳುತ್ತೇನೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿದ್ವಾಂಸೆಯೂ ಅವರ ಸಂಗಡಿಗರೂ ಇದನ್ನು ನಡೆಸಿ 2003ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ 9 ತಿಂಗಳ ಕೂಸುಗಳ ಎದುರಿಗೆ ಚೀನೀ ಭಾಷೆಯವರು ಕೂತು, ಆಟವಾಡಿಸುತ್ತ, ಪುಸ್ತಕ ತೋರಿಸುತ್ತ 12 ಸಲ ಮಾತಾಡಿದರು. ಇನ್ನೊಂದು ಗುಂಪಿನ ಕೂಸುಗಳಿಗೆ ಅದೇ ಜನ ಅದೇ ರೀತಿ ಮಾತಾಡುವುದನ್ನು ಟೀವಿಯಲ್ಲಿ ತೋರಿಸಿದರು. ಮನುಷ್ಯರ ಎದುರು ಕೂತ ಕೂಸುಗಳು ಚೀನೀ ಧ್ವನಿಗಳ ಭೇದವನ್ನು ಹಿಡಿದವು. ಟೀವಿ ನೋಡಿದ ಕೂಸುಗಳು ಹಿಡಿಯಲಿಲ್ಲ. ಧ್ವನಿ ಅದೇ, ಮುಖ ಅದೇ; ಮನುಷ್ಯ ಮಾತ್ರ ಎದುರಿಗೆ ಇರಲಿಲ್ಲ.

ಇನ್ನು ಎಷ್ಟು ಹೊತ್ತು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗಾಗಿ ಒಂದು ಸೂಚನೆ ಹೊರಡಿಸಿತು. ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಒಂದು ವರ್ಷದ ಕೂಸಿಗೂ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಸುಮಾರಾಗಿ ಇದನ್ನೇ ಹೇಳಿದೆ: ಎರಡು ವರ್ಷದವರೆಗೆ ಬೇಡ, ಐದು ವರ್ಷದವರೆಗೆ ಒಂದು ಗಂಟೆ. ಒಂದು ವಿನಾಯಿತಿ ಇದೆ. ದೂರದ ಊರಿನಲ್ಲಿ ದುಡಿಯುವ ತಂದೆಯೋ ಅಜ್ಜ ಅಜ್ಜಿಯೋ ಆಗಾಗ್ಗೆ ವೀಡಿಯೋ ಕರೆ ಮಾಡಿ ಕೂಸಿನೊಡನೆ ಮಾತಾಡಿದರೆ ಅಡ್ಡಿಯಿಲ್ಲ. ಏಕೆಂದರೆ ಅಲ್ಲಿ ಎದುರಿಗೆ ಉತ್ತರ ಕೊಡುವ ಮನುಷ್ಯನಿದ್ದಾನೆ.

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸೂಚನೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಜನ ಮರೆಯುತ್ತಾರೆ. ಒಂದು ವರ್ಷ ದಾಟಿದ ಮಗು ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಓಡಾಡಿ ಆಡಬೇಕು. ಒಂದೇ ಕಡೆ ಕಟ್ಟಿಹಾಕಿದಂತೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು. ಹಾಗಾದರೆ ಫೋನು ಕಸಿದುಕೊಂಡರೆ ಸಾಲದು, ಆಡಲು ಜಾಗ ಬೇಕು. ನಮ್ಮ ಗಲ್ಲಿಯಲ್ಲಿ ಆ ಜಾಗ ಎಲ್ಲಿದೆ? ಆ ಮಾತಿಗೆ ಆಮೇಲೆ ಬರುತ್ತೇನೆ.

ಫೋನು ನಮ್ಮ ಮನೆಗೆ ಹೇಗೆ ಬಂತು ಎಂಬುದನ್ನೂ ನೆನೆಯಬೇಕು. 2016ರ ಸೆಪ್ಟೆಂಬರಿನಿಂದ ಡಾಟಾ ಅಗ್ಗವಾಯಿತು. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ, "ಪಾಠ ಫೋನಿನಲ್ಲಿ" ಎಂದರು. ಸಾಲ ಮಾಡಿ ಫೋನು ತಂದವರು ಈ ಸಭೆಯಲ್ಲೇ ಇದ್ದೀರಿ. ಶಾಲೆ ಮತ್ತೆ ತೆರೆಯಿತು. ದೊಡ್ಡ ಹುಡುಗನ ಪಾಠಕ್ಕೆಂದು ಬಂದ ಫೋನು ಚಿಕ್ಕ ಕೂಸಿನ ಕೈಯಲ್ಲಿ ಉಳಿಯಿತು.

ಅದನ್ನು ಕೈಯಿಂದ ಬಿಡಿಸುವುದು ಏಕೆ ಇಷ್ಟು ಕಷ್ಟ? ಪೇಟೆಯ ಮಿತ್ರರೇ, ನಿಮ್ಮ ವ್ಯಾಪಾರದ ಮಾತಿನಲ್ಲೇ ಹೇಳುತ್ತೇನೆ. ನಿಮ್ಮ ಖಾನಾವಳಿಯಲ್ಲಿ ಗಿರಾಕಿ ಒಂದು ದೋಸೆ ತಿಂದು ಕೈ ತೊಳೆಯಲು ಏಳುವ ಮೊದಲೇ, ಕೇಳದೆಯೇ ಇನ್ನೊಂದು ದೋಸೆಯನ್ನು ತಟ್ಟೆಗೆ ಹಾಕಿದರೆ ಹೇಗೆ? ಫೋನಿನಲ್ಲಿ ನಡೆಯುವುದು ಅದೇ. ಒಂದು ವೀಡಿಯೋ ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ದೊಡ್ಡವರಾದ ನಮಗೇ ಏಳಲಾಗುವುದಿಲ್ಲ, ಮೂರು ವರ್ಷದ ಕೂಸು ಎದ್ದೀತೇ? ನೋಡುವ ಹೊತ್ತು ಹೆಚ್ಚಿದಷ್ಟೂ ಜಾಹೀರಾತಿನ ಹಣ ಹೆಚ್ಚುತ್ತದೆ. ನಮ್ಮ ಕೂಸಿನ ಹೊತ್ತೇ ಅಲ್ಲಿ ಮಾರಾಟದ ಸರಕು.

ಇದು ಬರಿಯ ಆರೋಪವಲ್ಲ. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳ ವಿವರಗಳನ್ನು ಕೂಡಿಹಾಕಿದ ಪ್ರಕರಣದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಕೂಸುಗಳಿಗಾಗಿ 'ಬೇಬಿ ಐನ್‌ಸ್ಟೈನ್' ಎಂಬ ವೀಡಿಯೋಗಳನ್ನು ಮಾರುತ್ತಿದ್ದ ಡಿಸ್ನಿ ಕಂಪನಿ, ಅವುಗಳ ಪ್ರಚಾರದ ಬಗ್ಗೆ ಆಕ್ಷೇಪಗಳು ಎದ್ದ ಮೇಲೆ, ಕೊಂಡವರಿಗೆ ಹಣ ಹಿಂತಿರುಗಿಸುವುದಾಗಿ 2009ರಲ್ಲಿ ಹೇಳಿತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 2010ರಲ್ಲಿ ಐಪ್ಯಾಡನ್ನು ಲೋಕಕ್ಕೆಲ್ಲ ಮಾರಿದರು. ನಿಮ್ಮ ಮಕ್ಕಳಿಗೆ ಇಷ್ಟವಾಯಿತೇ ಎಂದು ಪತ್ರಕರ್ತನೊಬ್ಬ ಆ ವರ್ಷ ಕೇಳಿದಾಗ, ಅವರು ಅದನ್ನು ಬಳಸಿಲ್ಲ, ಮನೆಯಲ್ಲಿ ಮಕ್ಕಳಿಗೆ ಮಿತಿ ಹಾಕಿದ್ದೇವೆ ಎಂದರಂತೆ. ಪತ್ರಕರ್ತ ಇದನ್ನು 2014ರಲ್ಲಿ ಬರೆದ. ಮಿಠಾಯಿ ಅಂಗಡಿಯವನು ತನ್ನ ಮಕ್ಕಳಿಗೆ ಅಳೆದು ಕೊಡುತ್ತಾನೆ, ಊರ ಮಕ್ಕಳಿಗೆ ಬುಟ್ಟಿಯನ್ನೇ ಮುಂದಿಡುತ್ತಾನೆ.

ಈಗ ತಾಯಂದಿರಿಗೆ ಒಂದು ಮಾತು. ಕೂಸಿಗೆ ಫೋನು ಕೊಟ್ಟಿರೆಂದು ನಿಮ್ಮನ್ನು ಬಯ್ಯಲು ನಾನು ಬಂದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ನಲ್ಲಿ ನೀರು ಹಿಡಿದು, ಬುತ್ತಿ ಕಟ್ಟಿ, ಪಾಳಿ ಮುಗಿಸಿ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವವಳಿಗೆ ಇರುವುದು ಎರಡೇ ಕೈ. ಉಳ್ಳವರ ಮನೆಯಲ್ಲಿ ಕೂಸು ಎತ್ತಿಕೊಳ್ಳಲು ಆಳು ಇರುತ್ತಾರೆ. ನಮ್ಮ ಮನೆಯಲ್ಲಿ ತಿಂಗಳ ರೀಚಾರ್ಜಿನ ದುಡ್ಡಿಗೆ ಸಿಕ್ಕ ಆಳು ಈ ಫೋನು. ತಪ್ಪು ಮಾಡಿದವಳು ತಾಯಿ ಎಂದು ತೀರ್ಪು ಕೊಡುವ ಗಂಡಸರು, ತಾವು ದಿನಕ್ಕೆ ಎಷ್ಟು ಹೊತ್ತು ಕೂಸನ್ನು ಎತ್ತಿಕೊಂಡೆವು ಎಂಬ ಲೆಕ್ಕವನ್ನು ಮೊದಲು ಕೊಡಲಿ. ನಾನು ಕೊಡಲಾರದೆ ಹೋದವನು.

ನಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಒಂದೇ ದಿನದಲ್ಲಿ ನಿಲ್ಲಿಸಿದೆವು. ಮೊದಲ ನಾಲ್ಕು ದಿನ ಮಗಳು ಅತ್ತು ರಂಪ ಮಾಡಿದಳು. ನೆರೆಯವರು ಏನಾಯಿತೆಂದು ಬಂದು ಕೇಳಿದರು. ಐದನೆಯ ದಿನ ಬಟ್ಟೆಯ ಚೂರುಗಳನ್ನೂ ಖಾಲಿ ದಾರದ ಉರುಳೆಗಳನ್ನೂ ಇಟ್ಟುಕೊಂಡು ಆಡಿದಳು. ಎದುರು ಮನೆಯ ಅಜ್ಜಿ ಮಧ್ಯಾಹ್ನ ಎರಡು ಗಂಟೆ ಅವಳನ್ನು ತಮ್ಮ ಕಟ್ಟೆಯ ಮೇಲೆ ಕೂರಿಸಿಕೊಳ್ಳಲು ಒಪ್ಪಿದರು. ನಾನು ಊರಲ್ಲಿದ್ದ ದಿನ ಸಂಜೆಯ ಒಂದು ಗಂಟೆ ಅವಳದೆಂದು ಬರೆದಿಟ್ಟೆ. ಆರು ತಿಂಗಳಲ್ಲಿ ಮಾತು ಬಂತು. ಫೋನು ಬಿಡಿಸಿದ್ದರಿಂದಲೇ ಬಂತೆಂದು ನಾನು ಸಾಧಿಸಲಾರೆ; ಕೆಲವು ಮಕ್ಕಳು ತಡವಾಗಿಯೇ ಮಾತಾಡುತ್ತಾರೆ. ಆದರೆ ಅವಳು ಮೊದಲು ಹೇಳಿದ ಹೊಸ ಮಾತುಗಳು 'ಅಜ್ಜಿ', 'ಗುಂಡಿ', 'ಕತ್ತರಿ'. ಇವನ್ನು ಯಾವ ಕಾರ್ಟೂನೂ ಅವಳಿಗೆ ಕಲಿಸಿರಲಿಲ್ಲ. ನಿಮ್ಮ ಕೂಸಿಗೆ ಮಾತು ತಡವಾದರೆ, ಫೋನೇ ಕಾರಣವೆಂದು ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಆದುದರಿಂದ ಈ ಬಡಾವಣೆಯ ಮನೆಗಳಿಗೆ ನಾಲ್ಕು ಕಟ್ಟುಪಾಡುಗಳನ್ನು ಸೂಚಿಸುತ್ತೇನೆ. ಎರಡು ವರ್ಷದವರೆಗೆ ಫೋನು, ಟೀವಿ ಬೇಡ. ಆಮೇಲೆ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯ ಒಳಗೆ, ಅದೂ ದೊಡ್ಡವರು ಪಕ್ಕದಲ್ಲಿ ಕೂತು ಮಾತಾಡುತ್ತ ತೋರಿಸಬೇಕು. ಮುಂದಿನ ವೀಡಿಯೋ ತಾನಾಗಿ ಬರುವ ಏರ್ಪಾಡನ್ನು ಫೋನಿನಲ್ಲಿ ನಿಲ್ಲಿಸಿಡಬೇಕು. ಊಟದ ಹೊತ್ತಿನಲ್ಲಿಯೂ ಮಲಗುವ ಮೊದಲಿನ ಒಂದು ಗಂಟೆಯಲ್ಲಿಯೂ ಬೇಡ. ನಾಲ್ಕನೆಯದು ಗಂಡಸರಿಗೆ ಕಷ್ಟದ್ದು: ಆ ಹೊತ್ತಿನಲ್ಲಿ ನಮ್ಮ ಫೋನೂ ಗೂಡಿನಲ್ಲಿರಬೇಕು. ಈಗ ನಾಲ್ಕು ವರ್ಷದ ನನ್ನ ಮಗಳು ನನಗೆ, "ಅಪ್ಪ, ಫೋನ್ ಇಡು, ಉಣ್ಣು" ಎಂದು ಗದರಿಸುತ್ತಾಳೆ. ಇಡುತ್ತೇನೆ.

ಒಂದು ಮನೆ ಮಾತ್ರ ಇದನ್ನು ಮಾಡಿದರೆ ನಡೆಯುವುದಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ಕಾರ್ಟೂನು ಕಂಡರೆ ನಿಮ್ಮ ಕೂಸು ಅಲ್ಲಿಗೆ ಓಡುತ್ತದೆ. ಗಲ್ಲಿಯವರೆಲ್ಲ ಕೂಡಿ ಒಪ್ಪಿದರೆ ಮಾತ್ರ ಸಾಧ್ಯ. ಇಷ್ಟಾದರೂ ಅರ್ಧ ಕೆಲಸವಷ್ಟೇ. ಅಂಗನವಾಡಿಯ ಬಾಗಿಲು ಮುಚ್ಚುವ ಹೊತ್ತಿಗೂ ಪಾಳಿ ಬಿಡುವ ಹೊತ್ತಿಗೂ ನಡುವೆ ಕೂಸನ್ನು ನೋಡುವವರು ಯಾರು? 1948ರ ಕಾರ್ಖಾನೆ ಕಾಯ್ದೆಯಲ್ಲೇ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಬರೆದಿತ್ತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿ, 50 ನೌಕರರಿದ್ದ ಕಡೆಯೆಲ್ಲ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಕೂಸನ್ನು ನೋಡಬಹುದು ಎಂದರು. 2025ರ ನವೆಂಬರಿನಲ್ಲಿ ಹಳೆಯ ಕಾಯ್ದೆಗಳ ಜಾಗಕ್ಕೆ ಕಾರ್ಮಿಕ ಸಂಹಿತೆಗಳು ಬಂದಾಗಲೂ ಈ ಕೇಂದ್ರದ ಮಾತು ಉಳಿದಿದೆ. ಕಾಗದದ ಮೇಲೆ ಕೋಣೆ ಇದೆ. ನಿಮ್ಮಲ್ಲಿ ಎಷ್ಟು ಜನ ಅದರ ಬಾಗಿಲು ಕಂಡಿದ್ದೀರಿ? ಕೈ ಎತ್ತಿ ನೋಡೋಣ.

ಮೂರು ಕೈ. ಇಷ್ಟು ದೊಡ್ಡ ಸಭೆಯಲ್ಲಿ ಮೂರು ಕೈ.

ಬಾಗಿಲಲ್ಲಿ ಪ್ರಶ್ನೆ ಕೇಳಿದ ಹಿರಿಯರೇ, ಇದನ್ನು ಸಭೆಗೆ ಏಕೆ ತಂದೆನೆಂದು ಈಗ ತಿಳಿಯಿತಲ್ಲವೇ? ಫೋನನ್ನು ಗೂಡಿಗೆ ಎತ್ತಿಡುವುದು ಮನೆಯ ಕೆಲಸ. ಅದನ್ನು ಎತ್ತಿಟ್ಟ ಮೇಲೆ ಕೂಸಿಗೆ ಆಡಲು ಜಾಗ, ನೋಡಿಕೊಳ್ಳಲು ಜನ, ತಾಯಿತಂದೆಗೆ ಕೂಸಿನೊಡನೆ ಕೂರಲು ಹೊತ್ತು ದೊರಕಿಸಿಕೊಳ್ಳುವುದು ನಾವೆಲ್ಲ ಕೂಡಿ ಮಾಡಬೇಕಾದ ಕೆಲಸ. ಕೇಂದ್ರವಿಲ್ಲದ ಗಿರಣಿ, ಕಾರ್ಖಾನೆಗಳ ಪಟ್ಟಿಯನ್ನು ಮುಂದಿನ ಭಾನುವಾರದೊಳಗೆ ಮಾಡೋಣ. ಅದನ್ನು ಕಾರ್ಮಿಕ ಇಲಾಖೆಯ ಮುಂದಿಡೋಣ. ಬಡಾವಣೆಯಲ್ಲಿ ಖಾಲಿ ಬಿದ್ದಿರುವ ಜಾಗವನ್ನು ಮಕ್ಕಳ ಆಟಕ್ಕೆ ಬಿಡಿಸಿಕೊಡಬೇಕೆಂದು ನಗರಸಭೆಗೆ ಅರ್ಜಿ ಕೊಡೋಣ. ಅದು ಆಗುವವರೆಗೆ, ಪ್ರತಿ ಗಲ್ಲಿಯಲ್ಲಿ ಸಂಜೆ ಎರಡು ಗಂಟೆ ಕೂಸುಗಳನ್ನು ನೋಡಿಕೊಳ್ಳಲು ಇಬ್ಬರು ಹಿರಿಯರು ಬೇಕು. ಹೆಸರು ಬರೆಸುವವರು ಈಗಲೇ ಮುಂದೆ ಬನ್ನಿ, ಪುಸ್ತಕ ಇಲ್ಲೇ ಇದೆ.