ಒಂದು ವಂಶವೃಕ್ಷ, ಹಲವು ಕಂಪ್ಯೂಟರು



ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಹವ್ಯಾಸ ನಮ್ಮವರಲ್ಲೂ ಬೆಳೆದಿದೆ. ಮನೆಯಲ್ಲೊಬ್ಬರು, ಹೆಚ್ಚಾಗಿ ನಿವೃತ್ತರಾದವರು, ಈ ಕೆಲಸಕ್ಕೆ ಕೈಹಾಕುತ್ತಾರೆ. ಇನ್ನೂರು ಮುನ್ನೂರು ಹೆಸರು ಸೇರುವ ಹೊತ್ತಿಗೆ ತೊಡಕು ಶುರುವಾಗುತ್ತದೆ. ಮೈಸೂರಿನ ಅಕ್ಕ ಬರೆದದ್ದು ನ್ಯೂಜೆರ್ಸಿಯ ತಮ್ಮನಿಗೂ ಬೇಕು ಎಂದಿಟ್ಟುಕೊಳ್ಳಿ. ಅವನು ಫೈಲಿನ ನಕಲು ತರಿಸಿಕೊಂಡು ತನಗೆ ಗೊತ್ತಿರುವ ಹತ್ತು ಹೆಸರು ಸೇರಿಸುತ್ತಾನೆ. ಅದೇ ವಾರ ಇಲ್ಲಿ ಅಕ್ಕ, ದೊಡ್ಡಮ್ಮನನ್ನು ಕೇಳಿ ಇಪ್ಪತ್ತು ಹೆಸರು ಸೇರಿಸಿರುತ್ತಾಳೆ. ಈಗ ಒಂದು ಮನೆತನಕ್ಕೆ ಎರಡು ವೃಕ್ಷಗಳಾದವು; ಎರಡೂ ಅಪೂರ್ಣ. ಫೈಲನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸುವುದು ಕ್ಷಣದ ಕೆಲಸ. ಬೇರೆಬೇರೆಯಾಗಿ ಬೆಳೆದ ಎರಡನ್ನು ಮತ್ತೆ ಒಂದು ಮಾಡುವುದಿದೆಯಲ್ಲ, ಇಂದಿನ ನನ್ನ ವಿಷಯ ಅದು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಈ ಸಮಸ್ಯೆಯೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದ ಹೆಳವ ಮನೆಯಂಗಳದಲ್ಲಿ ನಿಂತು ಆ ಮನೆತನದ ತಲೆಮಾರುಗಳನ್ನು ಹೇಳುತ್ತಿದ್ದ, ಕಳೆದ ಸಲದಿಂದೀಚೆಗೆ ಹುಟ್ಟಿದವರನ್ನು ಕೇಳಿ ಪುಸ್ತಕಕ್ಕೆ ಸೇರಿಸಿಕೊಂಡು ದವಸ ಪಡೆದು ಹೋಗುತ್ತಿದ್ದ. ಒಂದೊಂದು ಹೆಳವ ಕುಟುಂಬಕ್ಕೆ ಗೊತ್ತಾದ ಊರುಗಳು, ಗೊತ್ತಾದ ಮನೆತನಗಳು. ಪುಸ್ತಕ ಒಂದು, ಬರೆಯುವ ಕೈ ಒಂದು. ಮನೆಯವರ ಎದುರಿಗೇ ಬರೆಯುತ್ತಿದ್ದುದರಿಂದ ತಪ್ಪಿದರೆ ಅಲ್ಲೇ ತಿದ್ದಬಹುದಿತ್ತು.

ಕಂಪ್ಯೂಟರಿನ ಕಥೆ ಆರಂಭವಾಗುವುದು ಅಮೆರಿಕದ ಯೂಟಾದಲ್ಲಿ. ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಯಿರುವ ಮಾರ್ಮನ್ನರ ಚರ್ಚಿಗೆ ಪೂರ್ವಜರನ್ನು ಹುಡುಕುವುದು ಧಾರ್ಮಿಕ ಕರ್ತವ್ಯ; ಗತಿಸಿದ ಹಿರಿಯರ ಪರವಾಗಿ ಅವರು ದೀಕ್ಷಾಸ್ನಾನದ ವಿಧಿ ನಡೆಸುತ್ತಾರೆ. 1894ರಲ್ಲೇ ಅವರು ಇದಕ್ಕಾಗಿ ಒಂದು ಸಂಸ್ಥೆ ಕಟ್ಟಿದ್ದರು. ಮನೆಮನೆಗೆ ಕಂಪ್ಯೂಟರು ಬರುತ್ತಿದ್ದ 1984ರಲ್ಲಿ ಚರ್ಚು 'ಪರ್ಸನಲ್ ಆನ್ಸೆಸ್ಟ್ರಲ್ ಫೈಲ್' ಎಂಬ ಪ್ರೋಗ್ರಾಮನ್ನು ಹೊರತಂದಿತು. ಒಬ್ಬರ ಮಾಹಿತಿ ಇನ್ನೊಬ್ಬರ ಕಂಪ್ಯೂಟರಿಗೂ ಅರ್ಥವಾಗಲೆಂದು 'ಜೆಡ್‌ಕಾಂ' ಎಂಬ ಬರವಣಿಗೆಯ ಕ್ರಮ ಹುಟ್ಟಿದ್ದೂ ಆ ಕಾಲದಲ್ಲೇ. ಆ ಪ್ರೋಗ್ರಾಮು 2013ರಲ್ಲಿ ನಿಂತುಹೋಯಿತು. ಜೆಡ್‌ಕಾಂ ಮಾತ್ರ ಬದುಕಿದೆ. ಇಂದಿಗೂ ವಂಶಾವಳಿಯ ಬಹುತೇಕ ಪ್ರೋಗ್ರಾಮುಗಳಿಗೆ ಜೆಡ್‌ಕಾಂ ಓದಲು, ಬರೆಯಲು ಬರುತ್ತದೆ.

ಇದು ಬಹಳ ಸರಳವಾದ ಪಠ್ಯ. ಪ್ರತಿ ಸಾಲಿನ ಮೊದಲಿಗೆ ಒಂದು ಅಂಕಿ. ಸೊನ್ನೆ ಎಂದರೆ ಹೊಸ ವ್ಯಕ್ತಿ ಅಥವಾ ಹೊಸ ಕುಟುಂಬ. ಅದರ ಕೆಳಗೆ ಒಂದು ಎಂದರೆ ಅವನ ಹೆಸರು, ಜನನ, ಮರಣ. ಎರಡು ಎಂದರೆ ಆ ಜನನದ ತಾರೀಖು, ಊರು. ಪ್ರತಿ ವ್ಯಕ್ತಿಗೂ ಒಂದು ನಂಬರು. ಕುಟುಂಬಕ್ಕೆ ಬೇರೆ ನಂಬರು. ಗಂಡ ಇಂಥವನು, ಹೆಂಡತಿ ಇಂಥವಳು, ಮಕ್ಕಳು ಇಂಥವರು ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಹಳೆಯ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಹೆಸರಷ್ಟೇ ಇದ್ದು, ಹೆಣ್ಣುಮಕ್ಕಳು 'ಇಬ್ಬರು ಪುತ್ರಿಯರು' ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತಿದ್ದುದನ್ನು ಕಂಡ ನನಗೆ ಈ ವ್ಯವಸ್ಥೆ ಹಿಡಿಸಿತು. ಇಲ್ಲಿ ತಾಯಿಗೂ ತಂದೆಯಷ್ಟೇ ದೊಡ್ಡ ಖಾನೆ. ಖಾಲಿ ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ.

ಆದರೆ ಇದನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಅವರ ಮನೆತನಗಳು. ಹೆಸರಿನಲ್ಲಿ ಕುಲನಾಮ ಯಾವುದೆಂದು ಎರಡು ಓರೆಗೆರೆಗಳ ನಡುವೆ ತೋರಿಸಬೇಕು. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಹಾಕಿಕೊಳ್ಳುವ ನಾವು ಅಲ್ಲಿ ಏನು ಬರೆಯಬೇಕು? ಅಕ್ಕ ಊರಿನ ಹೆಸರು ಬರೆಯುತ್ತಾಳೆ, ತಮ್ಮ ಪಾಸ್‌ಪೋರ್ಟಿನಲ್ಲಿರುವಂತೆ ಅಪ್ಪನ ಹೆಸರು ಬರೆಯುತ್ತಾನೆ. ಕಾಲಗಣನೆಯದೂ ಇದೇ ಪಾಡು. ಯಹೂದ್ಯರ ಪಂಚಾಂಗಕ್ಕೂ ಫ್ರೆಂಚ್ ಕ್ರಾಂತಿಯ ಪಂಚಾಂಗಕ್ಕೂ ಅಲ್ಲಿ ಜಾಗವಿದೆ, ನಮ್ಮ ಸಂವತ್ಸರಗಳಿಗಿಲ್ಲ. ಅಜ್ಜನ ಜಾತಕದಲ್ಲಿ 'ಪ್ರಭವ' ಎಂದಿದ್ದರೆ ಅದು 1867 ಇರಬಹುದು, 1927 ಇರಬಹುದು, 1987ರಲ್ಲೂ ಬಂದಿತ್ತು. ಜಾತಕದಲ್ಲಿದ್ದ ಮಾತನ್ನು ಹಾಗೆಯೇ ಕಂಸದೊಳಗೆ ಬರೆಯಲು ಅವಕಾಶವಿದೆ. ಬರೆಯುವವರು ಕಡಮೆ.

ಲಿಪಿಯ ವಿಷಯದಲ್ಲಿ ನಾವು ಹೆಚ್ಚು ಕಷ್ಟಪಟ್ಟಿದ್ದೇವೆ. ಜೆಡ್‌ಕಾಂ ಮೊದಲು ಬಳಸಿದ ಅಕ್ಷರಪಟ್ಟಿ ಗ್ರಂಥಾಲಯಗಳಿಗಾಗಿ ಮಾಡಿದ್ದು, ಲ್ಯಾಟಿನ್ ಲಿಪಿಯ ಭಾಷೆಗಳಿಗೆ ಮಾತ್ರ ಸಾಲುವಂಥದ್ದು. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ, ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮ ಜೆಡ್‌ಕಾಂಗೆ ಸೇರಿದ್ದು 1999ರ ಕರಡಿನಲ್ಲಿ. ಆ ಕರಡು ಅಧಿಕೃತವಾದದ್ದು 2019ರಲ್ಲಿ! ಅದಕ್ಕೆ ಮೊದಲು ಫಾಂಟುಗಳ ಚಮತ್ಕಾರದಿಂದ ಕನ್ನಡ ಮೂಡಿಸಿ ಬರೆದವರ ಫೈಲನ್ನು, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮುತ್ತಜ್ಜಿಯ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಅಂಥ ಹಳೆಯ ಫೈಲು ನಿಮ್ಮಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಭಾವಚಿತ್ರಗಳದು ಇನ್ನೊಂದು ರಗಳೆ. ಹಳೆಯ ಜೆಡ್‌ಕಾಂ ಫೈಲಿನೊಳಗೆ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಿರುತ್ತದೆ. ಆ ವಿಳಾಸ ಅಕ್ಕನ ಕಂಪ್ಯೂಟರಿನದು; ತಮ್ಮನಿಗೆ ಸಿಗುವುದು ಖಾಲಿ ಚೌಕಟ್ಟು. 2021ರಲ್ಲಿ ಬಂದ 7ನೆಯ ಆವೃತ್ತಿಯಲ್ಲಿ ಚಿತ್ರಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸುವ ಏರ್ಪಾಡಿದೆ. ಇಬ್ಬರ ಪ್ರೋಗ್ರಾಮಿಗೂ ಅದು ತಿಳಿದಿರಬೇಕು, ಅಷ್ಟೆ.

ಇವೆಲ್ಲ ಸಾಗಣೆಯ ತೊಂದರೆಗಳು, ಒಂದಲ್ಲ ಒಂದು ದಿನ ಬಗೆಹರಿಯುತ್ತವೆ. ಕೂಡಿಸುವಾಗ ಬರುವ ತೊಂದರೆ ಬೇರೆ ಜಾತಿಯದು. ತಮ್ಮ ಕಳಿಸಿದ ಫೈಲನ್ನು ಅಕ್ಕ ತನ್ನ ವೃಕ್ಷದೊಳಕ್ಕೆ ತೆಗೆದುಕೊಂಡರೆ ಹೆಚ್ಚಿನ ಪ್ರೋಗ್ರಾಮುಗಳು ಎಲ್ಲರನ್ನೂ ಹೊಸಬರೆಂದೇ ಸೇರಿಸುತ್ತವೆ. ಒಬ್ಬೊಬ್ಬರೂ ಇಬ್ಬಿಬ್ಬರಾಗುತ್ತಾರೆ. ನಂಬರುಗಳನ್ನು ನಂಬುವಂತಿಲ್ಲ, ಅವು ಆಯಾ ಫೈಲಿನೊಳಗೆ ಮಾತ್ರ ಸಲ್ಲುವಂಥವು. ಆದ್ದರಿಂದ ಕಂಪ್ಯೂಟರು ಹೆಸರು, ತಾರೀಖು, ತಂದೆತಾಯಿಯನ್ನು ಹೋಲಿಸಿ 'ಇವರಿಬ್ಬರೂ ಒಬ್ಬರೇ ಇರಬೇಕು' ಎಂದು ಸೂಚಿಸುತ್ತದೆ.

ಅಲ್ಲೇ ಅಪಾಯ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆ. ನಂಜಪ್ಪನ ಮಗ ತಿಮ್ಮಪ್ಪ, ಅವನ ಮಗ ನಂಜಪ್ಪ, ಅವನ ಮಗ ಮತ್ತೆ ತಿಮ್ಮಪ್ಪ, ಅವನ ಮಗ ಮತ್ತೆ ನಂಜಪ್ಪ. ಇಬ್ಬರು ತಿಮ್ಮಪ್ಪಂದಿರ ಹೆಸರೂ ಒಂದೇ, ಅಪ್ಪಂದಿರ ಹೆಸರೂ ಒಂದೇ, ಮಕ್ಕಳ ಹೆಸರೂ ಒಂದೇ. ಇಸವಿ ಬರೆದಿಲ್ಲ. ಕಂಪ್ಯೂಟರು ಕೂಡಿಸಲೇ ಎಂದು ಕೇಳುತ್ತದೆ, ಅವಸರದಲ್ಲಿ ಹೂಂ ಎಂದಿರಿ. ಮೊಮ್ಮಗ ತನಗೆ ತಾನೇ ಅಜ್ಜನಾಗಿ ಎರಡು ತಲೆಮಾರು ಮಾಯವಾಗುತ್ತದೆ.

ಇನ್ನೊಂದು ಕಡೆ, ಕೂಡಬೇಕಾದ್ದು ಕೂಡುವುದಿಲ್ಲ. ನಮ್ಮ ಕೆಲವು ಸಮುದಾಯಗಳಲ್ಲಿ ಮದುವೆಯಾದಾಗ ಹೆಣ್ಣಿಗೆ ಗಂಡನ ಮನೆಯವರು ಬೇರೆ ಹೆಸರಿಡುತ್ತಿದ್ದರು. ತವರಿನವರ ಫೈಲಿನಲ್ಲಿ ಅವಳು ಸುಬ್ಬಮ್ಮ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಗಂಡನ ಮನೆಯವರ ಫೈಲಿನಲ್ಲಿ ಅವಳು ಸೀತಮ್ಮ; ಅವಳಿಗೆ ತಂದೆತಾಯಿಯಿಲ್ಲ. ಇಬ್ಬರೂ ಒಬ್ಬಳೇ ಎಂದು ಹೇಳಬಲ್ಲ ಪ್ರೋಗ್ರಾಮು ಯಾವುದೂ ಇಲ್ಲ. ಅದು ಗೊತ್ತಿರುವುದು ಎಂಬತ್ತು ದಾಟಿದ ದೊಡ್ಡಮ್ಮನಿಗೆ. ಅವರಿಂದ ಕೇಳಿ ಎರಡನೆಯ ಹೆಸರನ್ನೂ ಬರೆದಿಡದೆ ಹೋದರೆ ಆ ಹೆಂಗಸು ಎರಡು ಅರ್ಧಗಳಾಗಿಯೇ ಉಳಿಯುತ್ತಾಳೆ.

ಹಾಗಾದರೆ ಏನು ಮಾಡಬೇಕು? ಹಲವರು ಮೋಡದಲ್ಲಿಡುವ, ಎಂದರೆ ಅಂತರಜಾಲದ ಹಂಚಿಕೆಯ ಫೋಲ್ಡರಿನಲ್ಲಿಡುವ ದಾರಿ ಹಿಡಿಯುತ್ತಾರೆ. ಒಬ್ಬರು ಮುಚ್ಚಿದ ಮೇಲೆ ಇನ್ನೊಬ್ಬರು ತೆರೆದರೆ ಸರಿ. ಇಬ್ಬರೂ ಒಟ್ಟಿಗೆ ತೆರೆದರೆ ಫೈಲು ಎರಡಾಗಿ ಒಡೆಯುತ್ತದೆ, ಕೆಲವೊಮ್ಮೆ ಕೆಟ್ಟೇ ಹೋಗುತ್ತದೆ. ಮಾರ್ಮನ್ ಚರ್ಚಿನ 'ಫ್ಯಾಮಿಲಿ ಸರ್ಚ್'ನಲ್ಲಿ ಇಡೀ ಜಗತ್ತಿಗೆ ಒಂದೇ ವೃಕ್ಷ. ಯಾರು ಬೇಕಾದರೂ ಸೇರಿಸಬಹುದು. ನಕಲುಗಳ ಕಾಟವೇನೋ ತಪ್ಪಿತು, ಆದರೆ ನೀವು ಬರೆದದ್ದನ್ನು ಅಪರಿಚಿತನೊಬ್ಬ ತಿದ್ದಬಹುದು. ನನ್ನ ಒಲವು ಹೆಳವನ ಕ್ರಮದ ಕಡೆಗೆ. ಮೂಲ ಫೈಲು ಒಬ್ಬರಲ್ಲಿ ಮಾತ್ರ ಇರಲಿ, ಬರೆಯುವ ಅಧಿಕಾರ ಅವರಿಗೊಬ್ಬರಿಗೇ. ಉಳಿದವರಿಗೆ ತಾರೀಖು ಹಾಕಿದ ನಕಲು, ಓದಲು ಮಾತ್ರ. ಅವರು ಪೂರ್ತಿ ಫೈಲನ್ನು ತಿರುಗಿ ಕಳಿಸದೆ ಹೊಸದಾಗಿ ತಿಳಿದದ್ದನ್ನಷ್ಟೇ, ಯಾರಿಂದ ಯಾವಾಗ ತಿಳಿಯಿತು ಎಂಬುದರ ಸಮೇತ ಬರೆದು ಕಳಿಸಲಿ. ನಿಧಾನದ ದಾರಿಯೇನೋ ಹೌದು. ಕಂಪ್ಯೂಟರು ಬಲ್ಲ ಹುಡುಗರು ನಕ್ಕರೂ ನಗಲಿ.

ಇನ್ನೆರಡು ಮಾತು. ನಕಲು ಹೊರಗೆ ಕೊಡುವಾಗ ಬದುಕಿರುವವರ ಹುಟ್ಟಿದ ತಾರೀಖು, ತಾಯಿಯ ತವರಿನ ಹೆಸರು ಮುಂತಾದವನ್ನು ಬಿಟ್ಟು ಕೊಡಿ. ಅನೇಕ ಪ್ರೋಗ್ರಾಮುಗಳಲ್ಲಿ ಅದಕ್ಕೊಂದು ಗುರುತು ಹಾಕಿದರೆ ಸಾಕು. ಹಾಗೆಯೇ ವರ್ಷಕ್ಕೊಮ್ಮೆ ಇಡೀ ವೃಕ್ಷವನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಅಚ್ಚುಹಾಕಿಸಿ, ಮನೆಯ ಹಿರಿಯರ ಕೈಗೆ ಒಂದು ಪೆನ್ನಿನ ಜೊತೆಗೆ ಕೊಡಿ. ಒಂದು ವಾರ ಬಿಟ್ಟು ಹೋಗಿ ನೋಡಿ, ಅಂಚಿನ ತುಂಬ ತಿದ್ದುಪಡಿಗಳಿರುತ್ತವೆ.